ಯುರೋಪಿಗೆ ನಾಳೆ ಎಷ್ಟು ಗ್ಯಾಸ್ ಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಯುರೋಪಿನ ಗ್ಯಾಸ್ ಪೂರೈಕೆ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದಕ್ಕೆ ತುಂಬಾ ಪತ್ರಗಳು ಬಂದಿವೆ. ರಷ್ಯಾದ ಗ್ಯಾಸ್ ನಿಂತ ಮೇಲೆ ಆ ಖಂಡ ಹೇಗೆ ಸುಧಾರಿಸಿಕೊಂಡಿತು ಎಂದಷ್ಟೇ ಅಲ್ಲಿ ಹೇಳಿದ್ದೆ. ನಿಮ್ಮಲ್ಲಿ ಬಹಳ ಜನ ಕೇಳಿರುವುದು ಮುಂದಿನ ಮಾತು. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: 2022ರಲ್ಲಿ ಅಷ್ಟು ದೊಡ್ಡ ಗಂಡಾಂತರ ದಾಟಿದ್ದಾಯಿತು. ಸಮಸ್ಯೆ ಮುಗಿಯಿತು ಅಲ್ವಾ? ಇನ್ನೂ ಯಾವ ಅನಿಶ್ಚಿತತೆ?

ಉತ್ತರ: ಮುಗಿದಿಲ್ಲ, ಬೇರೆ ರೂಪ ತಾಳಿದೆ. 2021ರಲ್ಲಿ ಯುರೋಪಿಯನ್ ಒಕ್ಕೂಟ ಹೊರಗಿನಿಂದ ತರಿಸಿಕೊಂಡ ಗ್ಯಾಸ್‌ನಲ್ಲಿ ಸುಮಾರು ಶೇ. 45 ರಷ್ಯಾದ್ದು. ಅಂದರೆ ವರ್ಷಕ್ಕೆ ಸುಮಾರು 155 ಶತಕೋಟಿ ಘನ ಮೀಟರ್. 2022ರ ಫೆಬ್ರವರಿಯಲ್ಲಿ ಉಕ್ರೇನ್ ಮೇಲೆ ದಾಳಿ ಆಯಿತು. ಏಪ್ರಿಲ್‌ನಲ್ಲಿ ಪೋಲೆಂಡ್ ಮತ್ತು ಬಲ್ಗೇರಿಯಾಕ್ಕೆ ಪೂರೈಕೆ ನಿಂತಿತು, ಜೂನ್‌ನಿಂದ, ರಷ್ಯಾ–ಜರ್ಮನಿ ನಡುವಿನ ನಾರ್ಡ್ ಸ್ಟ್ರೀಮ್ ಕೊಳವೆಯಲ್ಲಿ ಹರಿವು ಸ್ವಲ್ಪ ಸ್ವಲ್ಪವೇ ಇಳಿದು ಸೆಪ್ಟೆಂಬರ್ ಹೊತ್ತಿಗೆ ಪೂರ್ತಿ ನಿಂತಿತು, ಅದೇ ತಿಂಗಳು 26ರಂದು ಬಾಲ್ಟಿಕ್ ಸಮುದ್ರದ ತಳದಲ್ಲಿ ಸ್ಫೋಟಗಳಾಗಿ ನಾರ್ಡ್ ಸ್ಟ್ರೀಮ್‌ನ ನಾಲ್ಕು ಕೊಳವೆಗಳಲ್ಲಿ ಮೂರು ಒಡೆದವು. ಯುರೋಪಿನಲ್ಲಿ ಗ್ಯಾಸ್ ದರಕ್ಕೆ ಅಳತೆಗೋಲು ನೆದರ್ಲೆಂಡ್ಸ್‌ನ ಟಿಟಿಎಫ್ ಮಾರುಕಟ್ಟೆ. ಅಲ್ಲಿ ಆಗಸ್ಟ್‌ನಲ್ಲಿ ಒಂದು ಮೆಗಾವಾಟ್ ಅವರ್‌ಗೆ ದರ 300 ಯೂರೊ ದಾಟಿತು. ಹಿಂದಿನ ವರ್ಷಗಳಲ್ಲಿ ಅದು 20 ಯೂರೊ ಆಸುಪಾಸಿನಲ್ಲೇ ಇರುತ್ತಿತ್ತು.

ಆಗ ಇದ್ದ ಪ್ರಶ್ನೆ ಒಂದೇ: ಈ ಚಳಿಗಾಲ ಹೇಗೆ ಕಳೆಯುವುದು? ಬಳಕೆ ಇಳಿಸಿದರು, ಹಡಗಿನಲ್ಲಿ ತರಿಸಿದರು, ಆ ವರ್ಷ ಚಳಿಯೂ ಕಡಿಮೆ ಬಿತ್ತು. ದಾಟಿಕೊಂಡರು. ಈಗಿನ ಪ್ರಶ್ನೆ ಅದಕ್ಕಿಂತ ಕಷ್ಟದ್ದು. 2040ರಲ್ಲಿ ಯುರೋಪಿಗೆ ಎಷ್ಟು ಗ್ಯಾಸ್ ಬೇಕಾಗುತ್ತದೆ ಎಂದು ಇವತ್ತು ಯಾರೂ ಖಚಿತವಾಗಿ ಹೇಳಲಾರರು. ಆದರೆ ಕೊಳವೆ, ಹಡಗಿನ ಗ್ಯಾಸ್ ಇಳಿಸಿಕೊಳ್ಳುವ ಟರ್ಮಿನಲ್, ಖರೀದಿ ಒಪ್ಪಂದ ಎಲ್ಲವನ್ನೂ ಇವತ್ತೇ ತೀರ್ಮಾನಿಸಬೇಕು. ಕೊಳವೆ ಹಾಕಿದರೆ ನಲವತ್ತು ವರ್ಷ ಇರುತ್ತದೆ. ಜಾಸ್ತಿ ಕಟ್ಟಿದರೆ ಅದರ ಸಾಲ ಜನರ ಬಿಲ್ಲಿಗೆ ಬರುತ್ತದೆ, ಕಡಿಮೆ ಕಟ್ಟಿದರೆ ಮುಂದಿನ ಗಂಡಾಂತರದಲ್ಲಿ ಮನೆಗಳು ತಣ್ಣಗಾಗುತ್ತವೆ. ಯಾವ ಕಡೆ ತಪ್ಪಿದರೂ ತೊಂದರೆ ಸಾಮಾನ್ಯ ಜನಕ್ಕೇ.

ಪ್ರಶ್ನೆ: ರಷ್ಯಾವನ್ನು ಬಿಟ್ಟು ಅಮೆರಿಕವನ್ನು ಹಿಡಿದುಕೊಂಡರೆ ಏನು ಬದಲಾದ ಹಾಗಾಯಿತು?

ಉತ್ತರ: ಒಂದು ಮಟ್ಟಿಗೆ ನಿಮ್ಮ ಅನುಮಾನ ಸರಿ. 2024ರಲ್ಲಿ ಒಕ್ಕೂಟಕ್ಕೆ ಬಂದ ಎಲ್‌ಎನ್‌ಜಿಯಲ್ಲಿ, ಅಂದರೆ ಮೈನಸ್ 162 ಡಿಗ್ರಿಗೆ ತಣಿಸಿ ದ್ರವ ಮಾಡಿ ಹಡಗಿನಲ್ಲಿ ತರುವ ಗ್ಯಾಸ್‌ನಲ್ಲಿ, ಅರ್ಧಕ್ಕೆ ಹತ್ತಿರದಷ್ಟು ಅಮೆರಿಕದ್ದು. ಅಲ್ಲಿಂದ ಮೊದಲ ದೊಡ್ಡ ರಫ್ತು ಹಡಗು ಲೂಸಿಯಾನಾದ ಸಬೀನ್ ಪಾಸ್ ಬಂದರಿನಿಂದ ಹೊರಟಿದ್ದು 2016ರಲ್ಲಿ. ಇಷ್ಟು ಬೇಗ ಇಷ್ಟು ಅವಲಂಬನೆ ಬೆಳೆದಿದೆ. ಸಾಲದ್ದಕ್ಕೆ 2025ರ ಜುಲೈನಲ್ಲಿ ಸುಂಕದ ಮಾತುಕತೆ ನಡೆದಾಗ, ಮೂರು ವರ್ಷದಲ್ಲಿ 750 ಶತಕೋಟಿ ಡಾಲರ್ ಮೊತ್ತದ ಇಂಧನವನ್ನು ಅಮೆರಿಕದಿಂದ ಕೊಳ್ಳುವ ಮಾತನ್ನೂ ಒಕ್ಕೂಟ ಕೊಟ್ಟಿತು. ಗ್ಯಾಸ್ ಮತ್ತು ಸುಂಕ ಒಂದೇ ಮೇಜಿನ ಮೇಲೆ ಬಂದವು ಎಂದರೆ ಅದು ಬರೀ ವ್ಯಾಪಾರ ಅಲ್ಲ.

ಆದರೂ ವ್ಯತ್ಯಾಸ ಇದೆ. ಕೊಳವೆಯ ಎರಡು ತುದಿಯೂ ನೆಲಕ್ಕೆ ಅಂಟಿಕೊಂಡಿರುತ್ತವೆ, ಆ ತುದಿಯಲ್ಲಿರುವವರು ಮುಚ್ಚಿದರೆ ಈ ತುದಿಯಲ್ಲಿ ಬೇರೆ ದಾರಿ ಇಲ್ಲ. ಹಡಗು ಹಾಗಲ್ಲ, ಅಮೆರಿಕದ್ದು ಬರದಿದ್ದರೆ ಕತಾರ್‌ನದ್ದೋ ನೈಜೀರಿಯಾದ್ದೋ ಬರಬಹುದು, ದರ ಮಾತ್ರ ಜಾಸ್ತಿ ಕೊಡಬೇಕಾಗುತ್ತದೆ. ಹಾಗಾಗಿ ಅಪಾಯ ಪೂರ್ತಿ ಹೋಗಿಲ್ಲ. ಪೂರೈಕೆ ನಿಲ್ಲುವ ಅಪಾಯದ ಜಾಗದಲ್ಲಿ ದರ ಏರುವ ಅಪಾಯ ಬಂದಿದೆ. 2022ರ ಜೂನ್‌ನಲ್ಲಿ ಟೆಕ್ಸಸ್‌ನ ಫ್ರೀಪೋರ್ಟ್ ರಫ್ತು ಘಟಕದಲ್ಲಿ ಸ್ಫೋಟವಾಗಿ ಬೆಂಕಿ ಬಿದ್ದಾಗ ಅಟ್ಲಾಂಟಿಕ್ ಆಚೆಗಿನ ಯುರೋಪಿನಲ್ಲಿ ದರ ನೆಗೆಯಿತು. ಆ ಘಟಕ ಮತ್ತೆ ಕೆಲಸ ಶುರು ಮಾಡಿದ್ದು 2023ರ ಫೆಬ್ರವರಿಯಲ್ಲಿ.

ಇನ್ನು ನಾರ್ವೆ. ಒಕ್ಕೂಟಕ್ಕೆ ಎಲ್ಲರಿಗಿಂತ ಜಾಸ್ತಿ ಗ್ಯಾಸ್ ಕೊಡುತ್ತಿರುವ ದೇಶ ಈಗ ಅದೇ. ನಂಬಿಕೆಗೆ ಅರ್ಹ ಪಾಲುದಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದೇ ಕಡೆಯಿಂದ ಇಷ್ಟು ಬಂದಾಗ ಚಿಕ್ಕ ಕೆಟ್ಟುನಿಲ್ಲುವಿಕೆಯೂ ದೊಡ್ಡದಾಗುತ್ತದೆ. 2024ರ ಜೂನ್‌ನಲ್ಲಿ ಉತ್ತರ ಸಮುದ್ರದ ಸ್ಲೈಪ್ನರ್ ವೇದಿಕೆಯಲ್ಲಿ ಎರಡು ಇಂಚಿನ ಒಂದು ಪೈಪ್ ಬಿರುಕು ಬಿಟ್ಟಿತು. ಅಷ್ಟಕ್ಕೇ ದಡದಲ್ಲಿದ್ದ ಸಂಸ್ಕರಣಾ ಘಟಕ ನಿಂತಿತು, ಬ್ರಿಟನ್‌ಗೆ ಹೋಗುವ ಮುಖ್ಯ ಕೊಳವೆಗೂ ಪೆಟ್ಟು ಬಿತ್ತು, ಯುರೋಪಿನಾದ್ಯಂತ ದರ ಏರಿತು.

ಪ್ರಶ್ನೆ: ನೆದರ್ಲೆಂಡ್ಸ್‌ನಲ್ಲಿ ಅಷ್ಟು ದೊಡ್ಡ ಗ್ಯಾಸ್ ನಿಕ್ಷೇಪ ಇದೆಯಂತೆ. ಅದನ್ನು ಮುಚ್ಚಿ ಹೊರಗಿನಿಂದ ತರಿಸುವುದು ಯಾಕೆ?

ಉತ್ತರ: ಗ್ರೊನಿಂಗೆನ್ ಬಗ್ಗೆ ಕೇಳಿದ್ದೀರಿ. 1959ರಲ್ಲಿ ಸಿಕ್ಕ ನಿಕ್ಷೇಪ, ಯುರೋಪಿನ ಅತಿ ದೊಡ್ಡವುಗಳಲ್ಲಿ ಒಂದು. ದಶಕಗಳ ಕಾಲ ಗ್ಯಾಸ್ ತೆಗೆದದ್ದರಿಂದ ಮೇಲಿನ ನೆಲ ಕುಸಿದು ಭೂಕಂಪಗಳಾದವು. 2012ರಲ್ಲಿ ಹುಯ್ಜಿಂಗೆ ಎಂಬ ಹಳ್ಳಿಯ ಬಳಿ 3.6 ತೀವ್ರತೆಯದ್ದು ಆಯಿತು. ಸಂಖ್ಯೆ ಚಿಕ್ಕದು ಅನ್ನಿಸಬಹುದು, ಆದರೆ ಆಳ ಕಡಿಮೆ ಇದ್ದುದರಿಂದ ಗೋಡೆಗಳು ಬಿರುಕು ಬಿಟ್ಟವು. ಸಾವಿರಾರು ಮನೆಗಳು ಹಾಳಾದವು, ಜನ ವರ್ಷಗಟ್ಟಲೆ ಪರಿಹಾರಕ್ಕೆ ಅಲೆದರು. ಅಲ್ಲಿನ ಜನರ ಹಿತವನ್ನು ಕಡೆಗಣಿಸಲಾಗಿತ್ತು ಎಂದು 2023ರಲ್ಲಿ ಸಂಸತ್ತಿನ ತನಿಖೆಯೇ ಹೇಳಿತು. ಅದೇ ಅಕ್ಟೋಬರ್‌ನಲ್ಲಿ ಗ್ಯಾಸ್ ತೆಗೆಯುವುದನ್ನು ನಿಲ್ಲಿಸಿದರು, 2024ರಲ್ಲಿ ಕಾಯಂ ಮುಚ್ಚುವ ಕಾನೂನೂ ಬಂತು. ಕೆಳಗೆ ಇನ್ನೂ ಗ್ಯಾಸ್ ಇದೆ. ಆದರೂ ಮುಚ್ಚಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಒಂದು ಪ್ರಾಂತ್ಯದ ಮನೆಗಳನ್ನು ಒಡೆದು ಇಡೀ ಖಂಡವನ್ನು ಬೆಚ್ಚಗಿಡಿ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ.

ಪ್ರಶ್ನೆ: ಬಳಕೆ ಇಳಿಯುತ್ತಿದೆ ಅನ್ನುತ್ತಾರೆ, ಮತ್ತೆ ಹೊಸ ಗ್ಯಾಸ್ ವಿದ್ಯುತ್ ಸ್ಥಾವರ ಬೇಕು ಅಂತಲೂ ಅನ್ನುತ್ತಾರೆ. ಯಾವುದು ನಿಜ?

ಉತ್ತರ: ಎರಡೂ ನಿಜ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಉಳಿದ ಗೊಂದಲಗಳೆಲ್ಲ ಇಲ್ಲಿಂದಲೇ ಹುಟ್ಟುವುದು.

ಒಕ್ಕೂಟದ ಬಳಕೆ 2021ರಲ್ಲಿ 400 ಶತಕೋಟಿ ಘನ ಮೀಟರ್‌ಗಿಂತ ಜಾಸ್ತಿ ಇತ್ತು. ಎರಡು ಮೂರು ವರ್ಷದಲ್ಲಿ 330ರ ಆಸುಪಾಸಿಗೆ ಇಳಿಯಿತು. ಐದರಲ್ಲಿ ಒಂದು ಪಾಲು ಹೋಯಿತು ಎಂದ ಹಾಗೆ. ಆದರೆ ಇಳಿದದ್ದು ಯಾಕೆ ಎಂದು ನೋಡಬೇಕು. ಸ್ವಲ್ಪ ಭಾಗ ಹವೆ, ಮತ್ತೆ ಚಳಿ ಜೋರಾದರೆ ಅದು ವಾಪಸ್ ಬರುತ್ತದೆ. ಇನ್ನಷ್ಟು ಭಾಗ ದುಬಾರಿ ಬಿಲ್ಲಿಗೆ ಹೆದರಿ ಜನ ಮನೆಯ ಬಿಸಿ ಕಡಿಮೆ ಇಟ್ಟುಕೊಂಡದ್ದು. ಅದನ್ನು ಉಳಿತಾಯ ಎಂದು ಹೊಗಳಲು ನನಗೆ ಮನಸ್ಸು ಬರುವುದಿಲ್ಲ, ಅದರಲ್ಲಿ ವಯಸ್ಸಾದವರು ಚಳಿಯಲ್ಲಿ ನಡುಗಿದ್ದೂ ಸೇರಿದೆ. ಮತ್ತೊಂದು ಭಾಗ ಕಾರ್ಖಾನೆಗಳದ್ದು. ಜರ್ಮನಿಯ ರಾಸಾಯನಿಕ ಕಂಪನಿ ಬಿಎಎಸ್‌ಎಫ್ 2023ರಲ್ಲಿ ಲುಡ್ವಿಗ್ಸ್‌ಹಾಫೆನ್‌ನಲ್ಲಿ ಒಂದು ಅಮೋನಿಯಾ ಘಟಕ ಮುಚ್ಚುವುದಾಗಿ ಹೇಳಿತು. ಅಮೋನಿಯಾ ತಯಾರಾಗುವುದೇ ಗ್ಯಾಸ್‌ನಿಂದ. ಯುರೋಪ್ ಲೆಕ್ಕದಲ್ಲಿ ಅಷ್ಟು ಗ್ಯಾಸ್ ಉಳಿಯಿತು, ಸರಿ, ಆದರೆ ಅದೇ ಅಮೋನಿಯಾವನ್ನು ಬೇರೆ ದೇಶದಿಂದ ತರಿಸಿದರೆ ಅಲ್ಲಿ ಗ್ಯಾಸ್ ಖರ್ಚಾಗಿಯೇ ಆಗುತ್ತದೆ. ಆ ಕಾರ್ಖಾನೆಗಳು ಮತ್ತೆ ತೆರೆಯುತ್ತವೆಯೋ ಇಲ್ಲವೋ ಎನ್ನುವುದು ದರದ ಮೇಲೆ ನಿಂತಿದೆ, ದರ ಎಷ್ಟಿರುತ್ತದೆ ಎನ್ನುವುದು ಬಳಕೆಯ ಮೇಲೆ ನಿಂತಿದೆ. ಹೀಗೆ ಸುತ್ತುತ್ತದೆ.

ಕಾಯಂ ಆಗಿ ಬಳಕೆ ಇಳಿಸುವುದು ಎರಡೇ: ಗೋಡೆ, ಚಾವಣಿ, ಕಿಟಕಿಗಳಿಂದ ಬಿಸಿ ಸೋರದ ಹಾಗೆ ಮಾಡುವುದು, ಮನೆ ಬಿಸಿ ಮಾಡುವ ಗ್ಯಾಸ್ ಬಾಯ್ಲರ್ ಜಾಗದಲ್ಲಿ ಹೀಟ್ ಪಂಪ್, ಅಂದರೆ ಹೊರಗಿನ ಗಾಳಿ ಅಥವಾ ನೆಲದ ಬಿಸಿಯನ್ನು ಒಳಗೆ ಎಳೆದುಕೊಳ್ಳುವ ವಿದ್ಯುತ್ ಯಂತ್ರ ಹಾಕುವುದು. 2022ರಲ್ಲಿ ಯುರೋಪಿನಲ್ಲಿ ಸುಮಾರು 30 ಲಕ್ಷ ಹೀಟ್ ಪಂಪ್ ಮಾರಾಟವಾದವು. ಎಲ್ಲರೂ ಆ ಗೆರೆಯನ್ನು ಹಾಗೇ ಮೇಲಕ್ಕೆ ಎಳೆದು ಲೆಕ್ಕ ಹಾಕಿದರು. 2023ರಲ್ಲಿ ಮಾರಾಟ ಸ್ವಲ್ಪ ಇಳಿಯಿತು, 2024ರಲ್ಲಿ ತುಂಬಾ ಇಳಿಯಿತು. ಸಬ್ಸಿಡಿ ಕೆಲವು ಕಡೆ ಕಡಿತವಾಯಿತು, ಗ್ಯಾಸ್ ದರ ಇಳಿಯಿತು, ಜರ್ಮನಿಯಲ್ಲಿ ಬಾಯ್ಲರ್ ಕಾನೂನಿನ ಮೇಲೆ ದೊಡ್ಡ ಗಲಾಟೆಯೇ ಆಗಿ ಜನ ಗೊಂದಲಕ್ಕೆ ಬಿದ್ದರು. 2022ರ ಅಂಕಿ ನೋಡಿ 2035ರ ಬಳಕೆ ಅಂದಾಜು ಮಾಡಿದ್ದರೆ ಎಷ್ಟು ತಪ್ಪುತ್ತಿತ್ತು ನೋಡಿ.

ಈಗ ವಿದ್ಯುತ್. ಗಾಳಿ, ಬಿಸಿಲು ಜಾಸ್ತಿಯಾದ ಹಾಗೆ ವರ್ಷದ ಒಟ್ಟು ಲೆಕ್ಕದಲ್ಲಿ ಗ್ಯಾಸ್ ಕಡಿಮೆ ಸಾಕು. ಆದರೆ ಚಳಿಗಾಲದಲ್ಲಿ ಕೆಲವು ದಿನ ಮೋಡ ಕವಿದು, ಗಾಳಿಯೂ ನಿಂತು, ಅದೇ ಹೊತ್ತಿಗೆ ಚಳಿಯೂ ಜೋರಾಗಿರುತ್ತದೆ. 2024ರ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಜರ್ಮನಿ ಇದನ್ನು ಎದುರಿಸಿತು. ಅಂಥ ದಿನ ಗ್ಯಾಸ್ ಸ್ಥಾವರಗಳೆಲ್ಲ ಒಟ್ಟಿಗೆ ಓಡಬೇಕು. ಹಾಗಾಗಿ ವರ್ಷದ ಬಳಕೆ ಅರ್ಧಕ್ಕೆ ಇಳಿದರೂ ಆ ಒಂದು ವಾರದ ಬಳಕೆ ಅಷ್ಟು ಇಳಿಯುವುದಿಲ್ಲ, ಮನೆಗಳಿಗೆ ಹೀಟ್ ಪಂಪ್ ಬಂದು ವಿದ್ಯುತ್ ಬೇಡಿಕೆ ಏರಿದರೆ ಸ್ಥಾವರಗಳಿಗೆ ಬೇಕಾದ ಗ್ಯಾಸ್ ಆ ವಾರ ಇನ್ನೂ ಜಾಸ್ತಿಯೇ ಆಗಬಹುದು. ಕೊಳವೆಯ ಗಾತ್ರ ನಿರ್ಧಾರ ಆಗುವುದು ವರ್ಷದ ಸರಾಸರಿಯಿಂದ ಅಲ್ಲ, ಅತಿ ಚಳಿಯ ದಿನದ ಬೇಡಿಕೆಯಿಂದ. ಪತ್ರಿಕೆಗಳಲ್ಲಿ ಬರುವ ಚರ್ಚೆ ಬಹುಪಾಲು ವರ್ಷದ ಲೆಕ್ಕದ ಮೇಲೇ ನಡೆಯುತ್ತದೆ, ಆ ಅಂಕಿಯಿಂದ ಕೊಳವೆ ಬೇಕೋ ಬೇಡವೋ ಎಂದು ಹೇಳಲು ಆಗುವುದಿಲ್ಲ.

2022ರಲ್ಲಿ ಇನ್ನೊಂದು ಪೆಟ್ಟು ಬಿದ್ದಿತ್ತು. ಫ್ರಾನ್ಸ್‌ನ ಅಣು ಸ್ಥಾವರಗಳ ಪೈಪುಗಳಲ್ಲಿ ಬಿರುಕು ಕಂಡು ಎಷ್ಟೋ ರಿಯಾಕ್ಟರ್ ನಿಲ್ಲಿಸಬೇಕಾಯಿತು, ಬರಗಾಲದಿಂದ ಜಲವಿದ್ಯುತ್ತೂ ಕುಸಿಯಿತು. ಗ್ಯಾಸ್ ತೀರಾ ದುಬಾರಿ ಇದ್ದ ವರ್ಷವೇ ವಿದ್ಯುತ್ತಿಗೆ ಗ್ಯಾಸ್ ಉರಿಸಬೇಕಾಯಿತು. ಯಾವ ಮುನ್ನಂದಾಜಿನಲ್ಲೂ ಈ ಮೂರು ಕಷ್ಟ ಒಟ್ಟಿಗೆ ಬರುತ್ತವೆ ಎಂದು ಇರಲಿಲ್ಲ.

ರಾಜಕೀಯವೂ ಸೇರಿಕೊಳ್ಳುತ್ತದೆ. 2024ರ ಆರಂಭದಲ್ಲಿ ಜರ್ಮನಿಯ ಸರ್ಕಾರ 10 ಗಿಗಾವಾಟ್ ಹೊಸ ಗ್ಯಾಸ್ ಸ್ಥಾವರಗಳ ಯೋಜನೆ ಮುಂದಿಟ್ಟಿತು. 2025ರಲ್ಲಿ ಬಂದ ಹೊಸ ಮೈತ್ರಿ ಸರ್ಕಾರ 20 ಗಿಗಾವಾಟ್‌ವರೆಗೆ ಎಂದಿತು. ದೇಶ ಅದೇ, ಹವೆ ಅದೇ, ಅಂಕಿ ಎರಡು ಪಟ್ಟು. ಅದಕ್ಕೇ 2040ರ ಬೇಡಿಕೆಗೆ ಒಂದೇ ಸಂಖ್ಯೆ ಕೊಡುವವರನ್ನು ನಾನು ನಂಬುವುದಿಲ್ಲ. ಇಷ್ಟರಿಂದ ಇಷ್ಟರೊಳಗೆ ಎಂದು ಹೇಳಿ, ಆ ಎರಡು ತುದಿಯಲ್ಲೂ ನಷ್ಟ ಯಾರಿಗೆ ಎಂದು ತಿಳಿಸಿದರೆ ಅದು ಪ್ರಾಮಾಣಿಕ ಲೆಕ್ಕ.

ಪ್ರಶ್ನೆ: ಹೊಸ ಎಲ್‌ಎನ್‌ಜಿ ಟರ್ಮಿನಲ್‌ಗಳು ಖಾಲಿ ಬಿದ್ದಿವೆಯಂತೆ. ದುಡ್ಡು ದಂಡ ಅಲ್ವಾ?

ಉತ್ತರ: ಎಲ್ಲವೂ ದಂಡ ಅಲ್ಲ. ಜರ್ಮನಿಯಲ್ಲಿ 2022ಕ್ಕೆ ಮೊದಲು ಒಂದೂ ಎಲ್‌ಎನ್‌ಜಿ ಟರ್ಮಿನಲ್ ಇರಲಿಲ್ಲ. ಯುದ್ಧ ಶುರುವಾಗಿ ಹತ್ತು ತಿಂಗಳಲ್ಲಿ, ಅದೇ ಡಿಸೆಂಬರ್‌ಗೆ ವಿಲ್ಹೆಲ್ಮ್ಸ್‌ಹಾಫೆನ್‌ನಲ್ಲಿ ತೇಲುವ ಟರ್ಮಿನಲ್ ಸಿದ್ಧವಾಯಿತು. ಇದು ಹಡಗೇ. ದ್ರವವನ್ನು ಅದರಲ್ಲೇ ಮತ್ತೆ ಗ್ಯಾಸ್ ಮಾಡಿ ಕೊಳವೆಗೆ ಬಿಡುತ್ತಾರೆ. ಬೇಡವಾದರೆ ಬಾಡಿಗೆ ಮುಗಿಸಿ ಕಳಿಸಬಹುದು. ರ್‍ಯೂಗನ್ ದ್ವೀಪದ ಮುಕ್ರಾನ್ ಬಂದರಿನಲ್ಲಿ ಇಂಥ ಎರಡು ಹಡಗುಗಳಿದ್ದವು, 2025ರಲ್ಲಿ ಒಂದನ್ನು ಬಿಟ್ಟುಕೊಟ್ಟರು. ಮುಂದೆ ಏನಾಗುತ್ತದೆ ಗೊತ್ತಿಲ್ಲದಾಗ ಇಂಥ ವ್ಯವಸ್ಥೆ ಒಳ್ಳೆಯದು. ಲಿಥುವೇನಿಯಾ 2014ರಲ್ಲೇ ಕ್ಲೈಪೆಡಾದಲ್ಲಿ ‘ಇಂಡಿಪೆಂಡೆನ್ಸ್’ ಎಂಬ ಹಡಗು ನಿಲ್ಲಿಸಿಕೊಂಡಿತ್ತು. ಆಗ ದುಬಾರಿ ಎಂದು ಟೀಕೆ ಬಂದಿತ್ತು. 2022ರ ಏಪ್ರಿಲ್‌ನಲ್ಲಿ ರಷ್ಯಾದ ಗ್ಯಾಸ್ ಬೇಡ ಎಂದು ಧೈರ್ಯವಾಗಿ ಹೇಳಲು ಆ ಪುಟ್ಟ ದೇಶಕ್ಕೆ ಆದದ್ದು ಅದರಿಂದಲೇ.

ನನಗೆ ಚಿಂತೆ ಇರುವುದು ದೀರ್ಘ ಒಪ್ಪಂದಗಳ ಬಗ್ಗೆ. 2023ರ ಅಕ್ಟೋಬರ್‌ನಲ್ಲಿ ಯುರೋಪಿನ ತೈಲ ಕಂಪನಿಗಳಾದ ಟೋಟಲ್‌ಎನರ್ಜೀಸ್, ಶೆಲ್, ಎನಿ ಕತಾರ್ ಜೊತೆ 27 ವರ್ಷದ ಒಪ್ಪಂದ ಮಾಡಿಕೊಂಡವು. 2026ರಿಂದ ಶುರುವಾದರೆ 2053ರವರೆಗೆ. ಒಕ್ಕೂಟ ಹವಾಮಾನಕ್ಕೆ ಹಾನಿ ಮಾಡದ ಸ್ಥಿತಿ ತಲುಪುತ್ತೇನೆ ಎಂದಿರುವುದು 2050ಕ್ಕೆ, ಜರ್ಮನಿ 2045ಕ್ಕೆ. ಎರಡರಲ್ಲಿ ಯಾವುದನ್ನು ನಂಬಬೇಕು? ಹೆಚ್ಚಾದ ಗ್ಯಾಸ್ ಅನ್ನು ಬೇರೆ ಖಂಡಕ್ಕೆ ಮಾರಲು ಅವಕಾಶ ಇರುವ ಒಪ್ಪಂದವಾದರೆ ಸರಿ, ಇಲ್ಲದಿದ್ದರೆ ಆ ಹೊರೆ ಮುಂದಿನ ಪೀಳಿಗೆಗೆ ಬೀಳುತ್ತದೆ.

ಪ್ರಶ್ನೆ: ಸ್ಪೇನ್‌ನಲ್ಲಿ ಅಷ್ಟೊಂದು ಟರ್ಮಿನಲ್ ಇದ್ದರೂ ಸ್ಲೊವಾಕಿಯಾಕ್ಕೆ ಯಾಕೆ ಕಷ್ಟ?

ಉತ್ತರ: ನಡುವಿನ ಕೊಳವೆ ಸಣ್ಣದು, ಅಷ್ಟೇ ಕಾರಣ. ಒಕ್ಕೂಟದಲ್ಲಿ ಎಲ್ಲರಿಗಿಂತ ಜಾಸ್ತಿ ಎಲ್‌ಎನ್‌ಜಿ ಇಳಿಸಿಕೊಳ್ಳಬಲ್ಲ ದೇಶ ಸ್ಪೇನ್. ಆದರೆ ಪಿರನೀಸ್ ಪರ್ವತ ದಾಟಿ ಫ್ರಾನ್ಸ್‌ಗೆ ಹೋಗುವ ಕೊಳವೆಗಳ ಸಾಮರ್ಥ್ಯ ತೀರಾ ಕಡಿಮೆ. ಮಿಡ್‌ಕ್ಯಾಟ್ ಎಂಬ ಹೊಸ ಕೊಳವೆಯ ಮಾತು ವರ್ಷಗಟ್ಟಲೆ ನಡೆದು 2022ರಲ್ಲಿ ಅದನ್ನು ಕೈಬಿಟ್ಟರು. ಖಂಡದ ಒಟ್ಟು ಲೆಕ್ಕದಲ್ಲಿ ಗ್ಯಾಸ್ ಸಾಕಷ್ಟಿದ್ದರೂ ಬೇಕಾದ ಜಾಗಕ್ಕೆ ತಲುಪದಿರಬಹುದು.

ಪೂರ್ವದ ದೇಶಗಳ ಕೊಳವೆಗಳನ್ನು ಹಾಕಿದ್ದೇ ರಷ್ಯಾದಿಂದ ಪಶ್ಚಿಮಕ್ಕೆ ಹರಿಯಲಿ ಎಂದು. 2009ರ ಜನವರಿಯಲ್ಲಿ ರಷ್ಯಾ–ಉಕ್ರೇನ್ ಜಗಳದಲ್ಲಿ ಸುಮಾರು ಎರಡು ವಾರ ಪೂರೈಕೆ ನಿಂತಾಗ ಬಲ್ಗೇರಿಯಾ, ಸ್ಲೊವಾಕಿಯಾ ತತ್ತರಿಸಿದವು. ಆಮೇಲೆ ಗ್ಯಾಸ್ ಹಿಂದಕ್ಕೂ ಹರಿಯುವ ವ್ಯವಸ್ಥೆ ಮಾಡಿದರು. ಖರ್ಚು ಕಡಿಮೆ, ಪ್ರಯೋಜನ ಅಪಾರ. ಉಕ್ರೇನ್ ಮೂಲಕ ಸಾಗಣೆಯ ಒಪ್ಪಂದ ಮುಗಿದು 2025ರ ಜನವರಿ 1ರಂದು ಆ ದಾರಿ ನಿಂತಾಗ ಒಕ್ಕೂಟದಲ್ಲಿ ಯಾರ ಮನೆಯೂ ತಣ್ಣಗಾಗಲಿಲ್ಲ. ಆದರೆ ಮೊಲ್ಡೋವಾದ ಟ್ರಾನ್ಸ್‌ನಿಸ್ಟ್ರಿಯಾದಲ್ಲಿ ನಡು ಚಳಿಗಾಲದಲ್ಲಿ ಮನೆಗಳಿಗೆ ಬಿಸಿ ನಿಂತುಹೋಯಿತು, ಕಾರ್ಖಾನೆಗಳು ಮುಚ್ಚಿದವು. ಒಕ್ಕೂಟದ ಗಡಿಯಿಂದ ಸ್ವಲ್ಪ ಆಚೆ ಇರುವ ಆ ಜನರ ಬಗ್ಗೆ ಚರ್ಚೆ ಬಹಳ ಕಡಿಮೆ.

ರಷ್ಯಾದಿಂದ ಒಕ್ಕೂಟಕ್ಕೆ ಬರುವ ಕೊಳವೆಗಳಲ್ಲಿ ಈಗ ಉಳಿದಿರುವುದು ಕಪ್ಪು ಸಮುದ್ರದ ತಳದ ಟರ್ಕ್‌ಸ್ಟ್ರೀಮ್. ರಷ್ಯಾದ ಎಲ್‌ಎನ್‌ಜಿಯನ್ನು 2026ರ ಕೊನೆಗೆ, ಕೊಳವೆ ಗ್ಯಾಸ್ ಅನ್ನು 2027ರ ಶರತ್ಕಾಲಕ್ಕೆ ಪೂರ್ತಿ ನಿಲ್ಲಿಸಲು 2025ರ ಡಿಸೆಂಬರ್‌ನಲ್ಲಿ ಒಕ್ಕೂಟದೊಳಗೆ ಒಪ್ಪಂದವಾಯಿತು. ಹಂಗರಿ, ಸ್ಲೊವಾಕಿಯಾ ವಿರೋಧಿಸಿದವು. ಯುದ್ಧ ನಿಂತರೆ ಈ ತೀರ್ಮಾನ ಗಟ್ಟಿಯಾಗಿ ನಿಲ್ಲುತ್ತದೆಯೇ ಎನ್ನುವುದು ಹೂಡಿಕೆ ಮಾಡುವವರೆಲ್ಲರ ತಲೆಯಲ್ಲಿರುವ ಪ್ರಶ್ನೆ.

ಪ್ರಶ್ನೆ: ಚಳಿಗಾಲಕ್ಕೆ ಮೊದಲು ಒಕ್ಕೂಟದ ಗ್ಯಾಸ್ ದಾಸ್ತಾನು ಶೇ. 90 ತುಂಬಿಸಬೇಕು ಎಂಬ ನಿಯಮ ಒಳ್ಳೆಯದೇ ಅಲ್ವಾ? ಅದಕ್ಕೂ ಯಾಕೆ ತಕರಾರು?

ಉತ್ತರ: ನಿಯಮ ಬಂದ ಕಾರಣ ಒಳ್ಳೆಯದು. 2021ರ ಶರತ್ಕಾಲದಲ್ಲಿ ರಷ್ಯಾದ ಸರ್ಕಾರಿ ಗ್ಯಾಸ್ ಕಂಪನಿ ಗಾಜ್‌ಪ್ರೋಮ್ ಕೈಯಲ್ಲಿದ್ದ ಜರ್ಮನಿಯ ರೆಹ್ಡೆನ್ ಭೂಗತ ಸಂಗ್ರಹಾಗಾರ ಬಹುತೇಕ ಖಾಲಿ ಇತ್ತು, ಯಾರೂ ಕೇಳಲಿಲ್ಲ. 2022ರ ನಿಯಮ ಆ ಬಾಗಿಲು ಮುಚ್ಚಿತು. ತೊಂದರೆ ಏನೆಂದರೆ, ನವೆಂಬರ್ 1ಕ್ಕೆ ಇವರು ತುಂಬಿಸಲೇಬೇಕು ಎಂದು ಮಾರುವವರಿಗೆ ಮೊದಲೇ ಗೊತ್ತಿದ್ದರೆ ಬೇಸಿಗೆಯಲ್ಲೇ ದರ ಏರುತ್ತದೆ. 2025ರ ಮಾರ್ಚ್ ಕೊನೆಗೆ ದಾಸ್ತಾನು ಶೇ. 34ಕ್ಕೆ ಇಳಿದಾಗ ಇದೇ ಭಯ ಆಯಿತು. ಅದಕ್ಕೆ ಅಕ್ಟೋಬರ್ 1ರಿಂದ ಡಿಸೆಂಬರ್ 1ರೊಳಗೆ ಯಾವಾಗಲಾದರೂ ತಲುಪಿದರೆ ಸಾಕು ಎಂದು ಸಡಿಲಿಸಿ, ನಿಯಮವನ್ನು 2027ರ ಕೊನೆವರೆಗೆ ಮುಂದುವರಿಸಿದರು. ಸಡಿಲಿಸಿದ್ದು ಸರಿ, ತೆಗೆದುಹಾಕಬಾರದು.

ಪ್ರಶ್ನೆ: ಯುರೋಪಿನ ಈ ಗೊಂದಲದಿಂದ ನಮಗೇನು?

ಉತ್ತರ: ಬಹಳ ಇದೆ. 2022ರಲ್ಲಿ ಯುರೋಪ್ ಎಷ್ಟಾದರೂ ಕೊಟ್ಟು ಎಲ್‌ಎನ್‌ಜಿ ಹಡಗುಗಳನ್ನು ಎಳೆದುಕೊಂಡಿತು. ಆ ಜುಲೈನಲ್ಲಿ ಪಾಕಿಸ್ತಾನ ಕರೆದ ಟೆಂಡರಿಗೆ ಒಬ್ಬರೂ ಬರಲಿಲ್ಲ, ಬಾಂಗ್ಲಾದೇಶ ದಿನದ ದರದಲ್ಲಿ ಕೊಳ್ಳುವುದನ್ನೇ ನಿಲ್ಲಿಸಿತು, ಎರಡೂ ಕಡೆ ಕರೆಂಟ್ ಹೋಯಿತು. ಭಾರತದ ಗೇಲ್ ಕಂಪನಿಗೆ ಗಾಜ್‌ಪ್ರೋಮ್‌ನ ಅಂಗಸಂಸ್ಥೆಯ ಜೊತೆ ದೀರ್ಘ ಒಪ್ಪಂದ ಇತ್ತು. ಆ ಸಂಸ್ಥೆ ಜರ್ಮನಿ ಸರ್ಕಾರದ ಹಿಡಿತಕ್ಕೆ ಹೋಯಿತು, ರಷ್ಯಾ ಅದರ ಮೇಲೆ ನಿರ್ಬಂಧ ಹಾಕಿತು, ಗೇಲ್‌ಗೆ ಬರಬೇಕಾದ ಹಡಗುಗಳು ಬರಲಿಲ್ಲ. 2025ರಲ್ಲಿ 285 ದಶಲಕ್ಷ ಡಾಲರ್ ಪರಿಹಾರಕ್ಕೆ ಆ ವಿವಾದ ಇತ್ಯರ್ಥವಾಯಿತು. ಹಾಗಾಗಿ ಯುರೋಪ್ ತನ್ನ ಬೇಡಿಕೆಯನ್ನು ಕಾಯಂ ಆಗಿ ಇಳಿಸಿಕೊಂಡರೆ ಬಡ ದೇಶಗಳಿಗೂ ಉಸಿರಾಡಲು ಜಾಗ ಸಿಗುತ್ತದೆ.

ಪ್ರಶ್ನೆ: ಇದೇ ಕೊಳವೆಗಳಲ್ಲಿ ಮುಂದೆ ಹೈಡ್ರೋಜನ್ ಬಿಡುತ್ತಾರಂತೆ?

ಉತ್ತರ: ಕೆಲವು ಕಡೆ ಆಗುತ್ತದೆ. ಜರ್ಮನಿ 2024ರಲ್ಲಿ 9,040 ಕಿ.ಮೀ. ಹೈಡ್ರೋಜನ್ ಜಾಲಕ್ಕೆ ಒಪ್ಪಿಗೆ ಕೊಟ್ಟಿದೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಳೇ ಗ್ಯಾಸ್ ಕೊಳವೆಗಳದ್ದೇ ಮಾರ್ಪಾಡು. ಉಕ್ಕು, ರಾಸಾಯನಿಕ ಕಾರ್ಖಾನೆಗಳಿಗೆ ಅದು ಬೇಕು. ಮನೆ ಬಿಸಿ ಮಾಡಲು ಅದು ಬರುತ್ತದೆ ಎಂದು ಸುಮ್ನೆ ಕಾಯಬೇಡಿ. ಅದೇ ಗಾತ್ರದ ಗ್ಯಾಸ್‌ಗೆ ಹೋಲಿಸಿದರೆ ಅದರಲ್ಲಿರುವ ಶಕ್ತಿ ಮೂರನೇ ಒಂದು ಪಾಲು ಮಾತ್ರ, ಬೆಲೆಯೂ ಜಾಸ್ತಿ.

ಪ್ರಶ್ನೆ: ಮಗಳು, ಅಳಿಯ ಜರ್ಮನಿಯಲ್ಲಿ ಹಳೇ ಮನೆ ಕೊಂಡಿದ್ದಾರೆ. ಗ್ಯಾಸ್ ಬಾಯ್ಲರ್ ಇವತ್ತೋ ನಾಳೆಯೋ ಅನ್ನುವ ಹಾಗಿದೆ. ಹೊಸ ಗ್ಯಾಸ್ ಬಾಯ್ಲರ್ ಹಾಕಿಸಿದರೆ ಅಗ್ಗ ಎಂದು ಅಳಿಯ ಹೇಳುತ್ತಾರೆ. ನೀವೇನು ಹೇಳುತ್ತೀರಿ?

ಉತ್ತರ: ಹಾಕಿಸುವ ದಿನಕ್ಕೆ ಅಗ್ಗ, ಅದು ನಿಜ. ಆದರೆ ಬಾಯ್ಲರ್ 20 ವರ್ಷ ಇರುತ್ತದೆ. ಆ 20 ವರ್ಷದಲ್ಲಿ ಗ್ಯಾಸ್ ದರಕ್ಕಿಂತ ಕೊಳವೆ ಶುಲ್ಕ ಜಾಸ್ತಿ ಕಾಡಬಹುದು. ಊರಿನ ಕೆಳಗಿರುವ ಕೊಳವೆಯ ಖರ್ಚು ಬಳಸುವವರೆಲ್ಲರ ಮೇಲೆ ಹಂಚಿಕೆಯಾಗುತ್ತದೆ. ಅಕ್ಕಪಕ್ಕದವರು ಒಬ್ಬೊಬ್ಬರೇ ಬಿಟ್ಟು ಹೋದರೆ ಉಳಿದವರ ಪಾಲು ಏರುತ್ತದೆ, ಏರಿದ್ದಕ್ಕೆ ಇನ್ನಷ್ಟು ಜನ ಬಿಡುತ್ತಾರೆ. ಕೊನೆಗೆ ಉಳಿಯುವವರು ಬಾಡಿಗೆ ಮನೆಯವರು, ವಯಸ್ಸಾದವರು, ಬದಲಾಯಿಸಲು ದುಡ್ಡಿಲ್ಲದವರು. ಅವರನ್ನು ನಡುನೀರಿನಲ್ಲಿ ಬಿಡದ ಹಾಗೆ ಸರ್ಕಾರಗಳು ಈಗಲೇ ಯೋಜನೆ ಮಾಡಬೇಕು ಎಂದು ನಾನು ಎಲ್ಲ ಕಡೆ ಹೇಳುತ್ತಿರುತ್ತೇನೆ. ಮಾನ್‌ಹೈಮ್ ನಗರದ ಇಂಧನ ಕಂಪನಿ 2035ರ ಹೊತ್ತಿಗೆ ಗ್ಯಾಸ್ ಜಾಲವನ್ನೇ ಮುಚ್ಚುವ ಯೋಚನೆಯನ್ನು 2024ರಲ್ಲಿ ತಿಳಿಸಿತು. ನೆದರ್ಲೆಂಡ್ಸ್‌ನಲ್ಲಿ 2018ರ ಜುಲೈನಿಂದ ಹೊಸ ಮನೆಗಳಿಗೆ ಗ್ಯಾಸ್ ಸಂಪರ್ಕ ಕೊಡುತ್ತಿಲ್ಲ.

ಹಾಗಾಗಿ ಮೊದಲು ನಗರಸಭೆಯ ತಾಪನ ಯೋಜನೆ ಕೇಳಿ. ಜರ್ಮನಿಯಲ್ಲಿ ಒಂದು ಲಕ್ಷಕ್ಕಿಂತ ಜಾಸ್ತಿ ಜನ ಇರುವ ನಗರಗಳಿಗೆ 2026ರ ಮಧ್ಯಭಾಗದ, ಚಿಕ್ಕ ಊರುಗಳಿಗೆ 2028ರ ಮಧ್ಯಭಾಗದ ಗಡುವು ಕೊಟ್ಟಿದ್ದರು. ನಿಮ್ಮ ಮಗಳ ಬೀದಿಗೆ ಜಿಲ್ಲಾ ತಾಪನ ಕೊಳವೆ, ಅಂದರೆ ಒಂದೇ ಕಡೆ ಬಿಸಿ ಮಾಡಿದ ನೀರನ್ನು ಮನೆಮನೆಗೆ ಕಳಿಸುವ ಜಾಲ ಬರುವುದಿದ್ದರೆ ಬಾಯ್ಲರೂ ಬೇಡ, ಹೀಟ್ ಪಂಪೂ ಬೇಡ. ಬರದಿದ್ದರೆ ಚಾವಣಿಯ ಬಿಸಿ ಸೋರುವುದನ್ನು ಮೊದಲು ಸರಿಮಾಡಿಸಿ, ಆಮೇಲೆ ಹೀಟ್ ಪಂಪ್ ಗಾತ್ರ ಅಳೆಯಿಸಿ. ಮೊದಲೇ ಅಳೆಯಿಸಿದರೆ ಬೇಕಿದ್ದಕ್ಕಿಂತ ದೊಡ್ಡದು ತಗಲಿಹಾಕಿಕೊಳ್ಳುತ್ತದೆ. 2024ರಲ್ಲಿ ಶುರುವಾದ ಸರ್ಕಾರಿ ಯೋಜನೆಯಲ್ಲಿ ಖರ್ಚಿನ ಶೇ. 70ರವರೆಗೆ ನೆರವು ಇತ್ತು. ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿಯ ಕ್ರಮ ಕೇಳದೆ ಕೆಲಸಕ್ಕೆ ಮುಂಗಡ ಕೊಡಬೇಡಿ. ಬಾಯ್ಲರ್ ಪೂರ್ತಿ ಕೈಕೊಡುವ ತನಕ ಕಾಯುವುದಂತೂ ಬೇಡ. ಜನವರಿಯ ಚಳಿಯಲ್ಲಿ ಅದು ನಿಂತರೆ ಮೊದಲು ಸಿಕ್ಕಿದ್ದನ್ನೇ ಹಾಕಿಸಬೇಕಾಗುತ್ತದೆ, ಈ ಬೇಸಿಗೆಯಲ್ಲೇ ಕೂತು ತೀರ್ಮಾನ ಮಾಡಲು ಅಳಿಯನಿಗೆ ಹೇಳಿ.